ತಲೆಯೊಳಗಿನ ಒತ್ತಡ ಏರಿದೆಯಾ? ಕ್ಯಾಶುಯಾಲ್ಟಿಯಲ್ಲಿ ಹಂತ ಹಂತವಾಗಿ ಪತ್ತೆ ಹಚ್ಚುವುದು ಹೀಗೆ

ರಾತ್ರಿ ಎರಡು ಗಂಟೆಗೆ ಒಂದು ರೆಫರಲ್ ಚೀಟಿ ಕೈಗೆ ಬಂತು. ‘ಬೈಕಿನಿಂದ ಬಿದ್ದಿದ್ದಾರೆ, ಮಂಪರು ಇದೆ, ಬಿ.ಪಿ. 190/100, ಬಿ.ಪಿ. ಮಾತ್ರೆ ಕೊಡಲಾಗಿದೆ.’ ಇಷ್ಟೇ. ನಾಡಿ ಬರೆದಿಲ್ಲ, ಪಾಪೆ ಬರೆದಿಲ್ಲ, ಎಷ್ಟು ಗಂಟೆಗೆ ನೋಡಿದರು ಅನ್ನೋದೂ ಇಲ್ಲ. ನಾನು ಮಣಿಕಟ್ಟಿನ ಮೇಲೆ ಬೆರಳಿಟ್ಟಾಗ ನಾಡಿ 46. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಎರಡು ಪಟ್ಟು ದೊಡ್ಡದು. ಚೀಟಿ ಬರೆದವರು ರೋಗಿಯನ್ನು ನೋಡೇ ಇಲ್ಲ ಅಂತ ನಾನು ಹೇಳಲ್ಲ. ನೋಡಿದ್ದಾರೆ, ಆದರೆ ಕ್ರಮ ತಪ್ಪಿದೆ.

ಇಂಥ ಚೀಟಿ ನನಗೆ ವರ್ಷಕ್ಕೆ ಹತ್ತಾರು ಸಿಗುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ಹೌಸ್ ಸರ್ಜನ್‌ಗಳಿಗೆ, ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್‌ಗಳಿಗೆ, ಸ್ಟಾಫ್ ನರ್ಸ್‌ಗಳಿಗೆ. ಮನೆಯಲ್ಲಿ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಶುರುವಾಗಿದ್ದರೆ ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಒಂದೇ ಒಂದು ವಿಷಯ ತಲೆಯಲ್ಲಿರಲಿ. ದೊಡ್ಡವರ ಬುರುಡೆ ಹಿಗ್ಗದ ಡಬ್ಬಿ. ಒಳಗೆ ಮಿದುಳು, ರಕ್ತ, ಮಿದುಳಿನ ನೀರು ಮೂರೂ ಇವೆ. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಸ್ವಲ್ಪ ಹೊತ್ತು ಬಿಡುತ್ತದೆ, ಆಗ ರೋಗಿ ಚೆನ್ನಾಗೇ ಕಾಣುತ್ತಾರೆ. ಬಿಡಲು ಜಾಗ ಮುಗಿದ ಮೇಲೆ ಒತ್ತಡ ಸರ್ರನೆ ಏರುತ್ತದೆ. ಮಲಗಿರುವ ವಯಸ್ಕರಲ್ಲಿ 7ರಿಂದ 15 ಮಿ.ಮೀ. ಪಾದರಸ ಸಹಜ. ತಲೆಗೆ ಜೋರು ಪೆಟ್ಟಾದವರಲ್ಲಿ 22 ದಾಟಿದರೆ ಚಿಕಿತ್ಸೆ ಬೇಕು. ಈ ಅಂಕಿಯನ್ನು ನೇರವಾಗಿ ಅಳೆಯಬೇಕಾದರೆ ಬುರುಡೆಗೆ ತೂತು ಕೊರೆದು ನಳಿಕೆ ಇಡಬೇಕು. ಕ್ಯಾಶುಯಾಲ್ಟಿಯಲ್ಲಿ ಅದು ಆಗದ ಮಾತು. ಹಾಗಾಗಿ ನಾವು ಮಾಡುವುದೆಲ್ಲ ಸುಳಿವು ಕೂಡಿಸುವ ಕೆಲಸ.

ಮೊದಲು ಕೈಗೆ ಸಿಗಬೇಕಾದ ಸಾಮಾನು

ಪೆನ್ ಟಾರ್ಚ್, ಪಾಪೆ ಅಳೆಯಲು ಮಿ.ಮೀ. ಗುರುತಿನ ಸ್ಕೇಲ್, ಗ್ಲುಕೋಮೀಟರ್, ಬಿ.ಪಿ. ಯಂತ್ರ, ಪಲ್ಸ್ ಆಕ್ಸಿಮೀಟರ್, ಗೋಡೆ ಗಡಿಯಾರ. ಇದ್ದರೆ ಅಲ್ಟ್ರಾಸೌಂಡ್‌ನ ಲೀನಿಯರ್ ಪ್ರೋಬ್ ಮತ್ತು ಕಣ್ಣಿನ ಒಳಭಾಗ ನೋಡುವ ಒಂದು ಆಫ್ತಾಲ್ಮೋಸ್ಕೋಪ್. ಟಾರ್ಚ್ ಬದಲಿಗೆ ಮೊಬೈಲ್ ಬೆಳಕು ಬಳಸುವ ಅಭ್ಯಾಸ ಜಾಸ್ತಿಯಾಗಿದೆ. ಅದರ ಬೆಳಕು ಎರಡೂ ಕಣ್ಣಿಗೆ ಹರಡುತ್ತದೆ, ಒಂದೊಂದೇ ಪಾಪೆ ನೋಡಲು ಆಗಲ್ಲ. ಜೇಬಿನಲ್ಲಿ ಟಾರ್ಚ್ ಇಟ್ಟುಕೊಳ್ಳಿ.

ಹಂತ 1: ಉಸಿರು, ಬಿ.ಪಿ., ಸಕ್ಕರೆ, ಕುತ್ತಿಗೆ

ಆಕ್ಸಿಜನ್ ಕಡಿಮೆ ಇದ್ದರೆ ಯಾರಿಗಾದರೂ ಮಂಪರು ಬರುತ್ತದೆ. ಬಿ.ಪಿ. ಬಿದ್ದಿದ್ದರೂ ಅಷ್ಟೇ. ಇವೆರಡನ್ನೂ ಸರಿ ಮಾಡದೆ ಮಿದುಳಿನ ಪರೀಕ್ಷೆಗೆ ಹೋದರೆ ಸಿಗುವ ಅಂಕಿಗಳಿಗೆ ಬೆಲೆ ಇಲ್ಲ. ಮಿದುಳಿಗೆ ಹರಿಯುವ ರಕ್ತವನ್ನು ತಳ್ಳುವುದು ಸರಾಸರಿ ಬಿ.ಪಿ.ಯಲ್ಲಿ ತಲೆಯೊಳಗಿನ ಒತ್ತಡ ಕಳೆದು ಉಳಿಯುವಷ್ಟೇ. ಒಳಗಿನ ಒತ್ತಡ ಏರಿದ ಹೊತ್ತಲ್ಲಿ ಬಿ.ಪಿ. ಬಿದ್ದರೆ ಮಿದುಳಿಗೆ ಎರಡೂ ಕಡೆಯಿಂದ ಪೆಟ್ಟು.

ಬೆರಳು ಚುಚ್ಚಿ ಸಕ್ಕರೆ ನೋಡಿ. ಇದಕ್ಕೆ ಒಂದು ನಿಮಿಷವೂ ಬೇಡ. ಸಕ್ಕರೆ 35 ಇದ್ದ ಅಜ್ಜಿಯನ್ನು ‘ಸ್ಟ್ರೋಕ್’ ಅಂತ ಸಿ.ಟಿ.ಗೆ ಕಳಿಸಿದ್ದನ್ನು ಕಂಡಿದ್ದೇನೆ. ಅಪಘಾತವಾಗಿದ್ದರೆ ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ. ಆದರೆ ಕಾಲರ್ ಬಿಗಿಯಾಗಿ ಕಟ್ಟಬೇಡಿ. ಕುತ್ತಿಗೆಯ ರಕ್ತನಾಳ ಅದುಮಿದರೆ ತಲೆಯಿಂದ ರಕ್ತ ಇಳಿಯಲ್ಲ, ಒತ್ತಡ ಇನ್ನೂ ಏರುತ್ತದೆ. ಉಸಿರಾಟದ ಟ್ಯೂಬ್ ಕಟ್ಟುವ ದಾರಕ್ಕೂ ಇದೇ ಮಾತು.

ಹಂತ 2: ಜಿ.ಸಿ.ಎಸ್. (ಎಚ್ಚರ ಎಷ್ಟಿದೆ ಅಂತ ಅಳೆಯುವ ಅಂಕ) — ನಿದ್ದೆ ಇಂಜೆಕ್ಷನ್ ಕೊಡುವ ಮೊದಲು

ರೋಗಿ ಕೈಕಾಲು ಬಡಿಯುತ್ತಿದ್ದಾರೆ, ಹಾಸಿಗೆಯಿಂದ ಇಳಿಯಲು ನೋಡುತ್ತಿದ್ದಾರೆ, ಮನೆಯವರು ಕಿರುಚುತ್ತಿದ್ದಾರೆ. ಯಾರೋ ನಿದ್ದೆ ಬರಿಸುವ ಮಿಡಜೋಲಾಮ್ ಎಳೆದುಕೊಂಡು ಬರುತ್ತಾರೆ. ಅರ್ಧ ನಿಮಿಷ ತಡೆಯಿರಿ. ಜಿ.ಸಿ.ಎಸ್. ಮತ್ತು ಪಾಪೆ ಬರೆದುಕೊಂಡ ಮೇಲೆ ಬೇಕಾದ್ದು ಕೊಡಿ. ಅಷ್ಟಕ್ಕೂ ಆ ಒದ್ದಾಟವೇ ಒತ್ತಡ ಏರುತ್ತಿರುವ ಮೊದಲ ಸೂಚನೆ ಇರಬಹುದು. ಉಚ್ಚೆ ಕಟ್ಟಿ ಒದ್ದಾಡುವವರೂ ಇದ್ದಾರೆ, ಹೊಟ್ಟೆ ಒಮ್ಮೆ ಮುಟ್ಟಿ ನೋಡಿ.

ಬರೀ ಮೊತ್ತ ಬರೆಯಬೇಡಿ. ‘ಜಿ.ಸಿ.ಎಸ್. 10’ ಅಂದರೆ ಮುಂದಿನವರಿಗೆ ಏನೂ ಗೊತ್ತಾಗಲ್ಲ. ಕಣ್ಣು, ಮಾತು, ಚಲನೆ ಬೇರೆ ಬೇರೆ ಬರೆಯಿರಿ: ಇ2 ವಿ3 ಎಂ5. ಇವುಗಳಲ್ಲಿ ಚಲನೆಯ ಅಂಕವೇ ಎಲ್ಲಕ್ಕಿಂತ ಮುಖ್ಯ. ಜಾಸ್ತಿ ತಪ್ಪಾಗುವುದೂ ಅದರಲ್ಲೇ.

ನೋವು ಕೊಟ್ಟು ನೋಡುವಾಗ ಕುತ್ತಿಗೆ ಮತ್ತು ಭುಜ ಸೇರುವ ಕಡೆಯ ದಪ್ಪ ಸ್ನಾಯುವನ್ನು ಹಿಂಡಿ, ಇಲ್ಲವೇ ಹುಬ್ಬಿನ ಕೆಳಗಿನ ಮೂಳೆಯ ಅಂಚನ್ನು ಒತ್ತಿ. ಕೈ ಕಾಲರ್‌ಬೋನ್ ದಾಟಿ ನಿಮ್ಮ ಕೈಯನ್ನು ತಳ್ಳಲು ಬಂದರೆ 5. ಬರೀ ಎಳೆದುಕೊಂಡರೆ 4. ಮೊಣಕೈ ನಿಧಾನವಾಗಿ ಮಡಚಿ ಎದೆಯ ಮೇಲೆ ಬಂದು, ಮಣಿಕಟ್ಟು ಒಳಕ್ಕೆ ತಿರುಗಿದರೆ 3. ಕೈ ಸೆಟೆದು ಪಕ್ಕಕ್ಕೆ ಚಾಚಿದರೆ 2. ಕೊನೆಯ ಎರಡನ್ನು ‘ಫಿಟ್ಸ್’ ಅಂದುಕೊಂಡು ಫಿಟ್ಸ್ ಮದ್ದು ಕೊಡುತ್ತಾ ಹೋಗುವುದು ಸಾಮಾನ್ಯ ತಪ್ಪು. ಎರಡು ಕೈ ಬೇರೆ ಬೇರೆ ಥರ ಆಡಿದರೆ ಚೆನ್ನಾಗಿ ಆಡಿದ ಕೈಗೆ ಅಂಕ ಕೊಡಿ, ಆಡದ ಕಡೆಯನ್ನು ಪಕ್ಕದಲ್ಲಿ ಬರೆಯಿರಿ.

ಮಾತಿನ ಅಂಕದಲ್ಲಿ ನಮ್ಮ ಊರಿನ ಒಂದು ತೊಡಕಿದೆ. ಕಟ್ಟಡ ಕೆಲಸಕ್ಕೆ ಬಂದ ಹುಡುಗನಿಗೆ ಕನ್ನಡ ಬರಲ್ಲ. ನೀವು ಕನ್ನಡದಲ್ಲಿ ಕೇಳುತ್ತೀರಿ, ಅವನು ಹಿಂದಿಯಲ್ಲೋ ಒಡಿಯಾದಲ್ಲೋ ಏನೋ ಅನ್ನುತ್ತಾನೆ, ಚೀಟಿಯಲ್ಲಿ ‘ಗೊಂದಲದ ಮಾತು’ ಅಂತ ಬೀಳುತ್ತದೆ. ಜೊತೆಗೆ ಬಂದವರಿಂದ ಅವನ ಭಾಷೆಯಲ್ಲೇ ಕೇಳಿಸಿ. ಕಿವಿ ಕೇಳದ ಅಜ್ಜನಿಗೂ ಹಾಗೇ, ಹತ್ತಿರ ಹೋಗಿ ಗಟ್ಟಿಯಾಗಿ ಕೇಳಿ.

ಜಿ.ಸಿ.ಎಸ್. 8 ಅಥವಾ ಅದಕ್ಕೂ ಕಡಿಮೆ ಇದ್ದರೆ ಉಸಿರಿನ ದಾರಿ ಕಾಪಾಡುವುದೇ ಮೊದಲ ಕೆಲಸ. ಎರಡು ಅಂಕ ಇಳಿದರೆ ತಕ್ಷಣ ದೊಡ್ಡ ಡಾಕ್ಟರ್‌ಗೆ ಫೋನ್ ಹೋಗಬೇಕು, ಅವರು ಮಲಗಿದ್ದರೂ ಸರಿ.

ಹಂತ 3: ಪಾಪೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ನಮ್ಮವರ ಕಣ್ಣು ಕಡುಗಂದು. ಟ್ಯೂಬ್‌ಲೈಟ್ ಕೆಳಗೆ ಎದುರಿನಿಂದ ನೋಡಿದರೆ ಪಾಪೆ ಎಲ್ಲಿ ಮುಗಿಯಿತು, ಕಂದು ಎಲ್ಲಿ ಶುರುವಾಯಿತು ಅಂತ ಕಾಣಲ್ಲ. ತಲೆಯ ಮೇಲಿನ ದೀಪ ಆರಿಸಿ. ಟಾರ್ಚನ್ನು ಕೆನ್ನೆಯ ಕಡೆಯಿಂದ ಓರೆಯಾಗಿ ಹಿಡಿದು ಮೊದಲು ಗಾತ್ರ ಅಳೆಯಿರಿ. ಆಮೇಲೆ ಬೆಳಕನ್ನು ಪಕ್ಕದಿಂದ ಕಣ್ಣಿನ ಮೇಲೆ ತನ್ನಿ. ಪಾಪೆ ಚಟ್ಟನೆ ಕುಗ್ಗಿತಾ, ಸೋಮಾರಿಯಾಗಿ ಕುಗ್ಗಿತಾ, ಕುಗ್ಗಲೇ ಇಲ್ವಾ? ಈ ಮೂರರಲ್ಲಿ ಒಂದನ್ನು ಬರೆಯಿರಿ. ‘ಬಲ 3 ಚುರುಕು, ಎಡ 5 ನಿಧಾನ.’ ಸುಮ್ನೆ ‘ಪಾಪೆ ಸರಿ ಇದೆ’ ಅಂತ ಬರೆದರೆ ಅದು ನೋಡದೇ ಇದ್ದಷ್ಟೇ ಲೆಕ್ಕ.

ಒಂದು ಕಡೆ ರಕ್ತ ಕಟ್ಟಿ ಮಿದುಳು ಕೆಳಕ್ಕೆ ಜಾರುವಾಗ ಅದೇ ಕಡೆಯ ಮೂರನೇ ನರ ಅದುಮಿಕೊಳ್ಳುತ್ತದೆ. ಆ ಕಡೆಯ ಪಾಪೆ ಮೊದಲು ನಿಧಾನವಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಬೆಳಕಿಗೆ ಆಡುವುದೇ ನಿಲ್ಲುತ್ತದೆ. ‘ನಿಧಾನ’ ಅನ್ನುವ ಹಂತದಲ್ಲಿ ಹಿಡಿದರೆ ಸಮಯ ಸಿಗುತ್ತದೆ. ಎರಡೂ ಹಿಗ್ಗಿ ನಿಂತ ಮೇಲೆ ಉಳಿದಿರುವ ಸಮಯ ತುಂಬಾ ಕಡಿಮೆ.

ಮೋಸ ಮಾಡುವ ಪಾಪೆಗಳೂ ಇವೆ:

- ಕಣ್ಣಿಗೇ ಪೆಟ್ಟು ಬಿದ್ದು ಪಾಪೆ ಹಿಗ್ಗಿರುತ್ತದೆ, ರೋಗಿ ಮಾತ್ರ ಕೂತು ಚೆನ್ನಾಗಿ ಮಾತಾಡುತ್ತಿರುತ್ತಾರೆ. ಪೂರ್ತಿ ಎಚ್ಚರ ಇರುವವರಲ್ಲಿ ಒಂದು ಪಾಪೆ ಹಿಗ್ಗಿದ್ದರೆ ಸಾಮಾನ್ಯವಾಗಿ ಅದು ಮಿದುಳು ಜಾರಿದ್ದಕ್ಕೆ ಅಲ್ಲ. ಆದರೂ ಕಾರಣ ಹುಡುಕಬೇಕು.
- ಪೊರೆ ಆಪರೇಷನ್ ಆದ ಅಜ್ಜ ಅಜ್ಜಿಯರ ಪಾಪೆ ಸೊಟ್ಟಗಿರಬಹುದು, ಬೆಳಕಿಗೆ ಆಡದೇ ಇರಬಹುದು. ‘ಕಣ್ಣಿನ ಕ್ಯಾಂಪ್‌ಗೆ ಹೋಗಿದ್ದರಾ?’ ಅಂತ ಮನೆಯವರನ್ನು ಕೇಳಿ.
- ಬೆಳೆಗೆ ಹೊಡೆಯುವ ಔಷಧಿ ಕುಡಿದವರಲ್ಲಿ ಪಾಪೆ ಸಾಸಿವೆ ಕಾಳಿನಷ್ಟು. ಅವರಿಗೆ ಅಟ್ರೋಪಿನ್ ಹೋಗಿದ್ದರೆ ಎರಡೂ ದೊಡ್ಡದು. ದತ್ತೂರಿ ತಿಂದವರಲ್ಲೂ ಎರಡೂ ದೊಡ್ಡದು.
- ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದ್ದವರು, ಬೆಳಗ್ಗೆ ಹೊಟ್ಟೆನೋವು ಅಂತ ಎದ್ದರು, ರೆಪ್ಪೆ ಜೋತುಬಿತ್ತು, ಮಾತು ತೊದಲಿತು, ಉಸಿರು ನಿಂತಿತು. ಕಚ್ಚಿದ ಗುರುತೂ ಕಾಣದೇ ಇರಬಹುದು. ಪಾಪೆ ಹಿಗ್ಗಿ ಆಡದೇ ನಿಂತಿರುತ್ತದೆ, ಕೈಕಾಲು ಅಲುಗಲ್ಲ. ನೋಡಿದವರಿಗೆ ಮಿದುಳು ಸತ್ತಂತೆ ಕಾಣುತ್ತದೆ, ಒಳಗೆ ಅವರಿಗೆ ಎಲ್ಲವೂ ಕೇಳಿಸುತ್ತಿರಬಹುದು. ಇಂಥವರ ಹಾಸಿಗೆಯ ಪಕ್ಕ ನಿಂತು ‘ಮುಗೀತು’ ಅನ್ನಬೇಡಿ. ವೆಂಟಿಲೇಟರ್, ಹಾವಿನ ವಿಷದ ಮದ್ದು, ತಾಳ್ಮೆ ಬೇಕು.

ಎರಡು ಪಾಪೆಗಳ ನಡುವೆ 1 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ ಆರೋಗ್ಯವಂತರಲ್ಲೂ ಇರುತ್ತದೆ. ಮೊಬೈಲ್‌ನಲ್ಲಿ ಹಳೆಯ ಫೋಟೋ ಇದ್ದರೆ ಹಿಗ್ಗಿಸಿ ನೋಡಿ. ನಾನು ಎಷ್ಟೋ ಸಲ ನೋಡಿದ್ದೇನೆ.

ಕೊನೆಯದಾಗಿ ಆಫ್ತಾಲ್ಮೋಸ್ಕೋಪ್. ಕಣ್ಣಿನ ಹಿಂದಿನ ನರದ ತುದಿ ಊದಿಕೊಳ್ಳಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಇದ್ದರೆ ನಂಬಿ. ಇಲ್ಲದಿದ್ದರೆ ‘ಒತ್ತಡ ಇಲ್ಲ’ ಅಂತ ತೀರ್ಮಾನಿಸಬೇಡಿ. ಚೆನ್ನಾಗಿ ಕಾಣಲಿ ಅಂತ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಮುಂದಿನ ಹಲವು ಗಂಟೆ ನಿಮ್ಮ ಕೈಯಲ್ಲಿದ್ದ ಒಳ್ಳೆಯ ಸುಳಿವನ್ನೇ ಕಳೆದುಕೊಂಡಿರಿ.

ಹಂತ 4: ಬಿ.ಪಿ. ಮತ್ತು ನಾಡಿಯನ್ನು ಒಟ್ಟಿಗೆ ಓದಿ

ಬಿ.ಪಿ. ಏರುತ್ತಿದೆ, ಮೇಲಿನ ಮತ್ತು ಕೆಳಗಿನ ಅಂಕಿಯ ಅಂತರ ಹೆಚ್ಚುತ್ತಿದೆ, ನಾಡಿ ಇಳಿಯುತ್ತಿದೆ, ಉಸಿರಿನ ಲಯ ತಪ್ಪುತ್ತಿದೆ. ಕುಶಿಂಗ್ ಅಂತ ಓದಿದ್ದು ಇದೇ. ಪುಸ್ತಕದಲ್ಲಿ ಇದಕ್ಕೆ ದೊಡ್ಡ ಜಾಗ ಇದೆ, ಆದರೆ ಇದು ತಡವಾಗಿ ಬರುವ ಸೂಚನೆ. ಎಲ್ಲವೂ ಕೂಡುವ ತನಕ ಕಾದರೆ ರೈಲು ಹೋದ ಮೇಲೆ ಟಿಕೆಟ್ ತೆಗೆದ ಹಾಗೆ.

ಇಲ್ಲಿನ ದೊಡ್ಡ ತಪ್ಪು ಮೇಲಿನ ಚೀಟಿಯಲ್ಲೇ ಇತ್ತು. ಮಿದುಳು ತನಗೆ ರಕ್ತ ಸಾಲದು ಅಂತ ಬಿ.ಪಿ. ಏರಿಸಿಕೊಂಡಿದೆ. ಕಾರಣ ಗೊತ್ತಾಗುವ ಮೊದಲೇ ಮಾತ್ರೆ ಕೊಟ್ಟು ಅದನ್ನು ಕೆಡವಿದರೆ ಕೊನೆಯ ಆಸರೆಯನ್ನೂ ಎಳೆದ ಹಾಗಾಯಿತು. ಮಂಪರು ಇರುವವರಲ್ಲಿ ಬಿ.ಪಿ. ಏರಿ ನಾಡಿ 60ಕ್ಕಿಂತ ಕೆಳಗಿದ್ದರೆ ಮೊದಲು ತಲೆಯ ಬಗ್ಗೆ ಯೋಚಿಸಿ. ಈಗಾಗಲೇ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿದ್ದಾರಾ ಅಂತಲೂ ಕೇಳಿ, ನಾಡಿ ಅದಕ್ಕೂ ಇಳಿದಿರಬಹುದು.

ಹಂತ 5: ಮನೆಯವರಿಗೆ ನಾಲ್ಕು ಪ್ರಶ್ನೆ

ಬಿದ್ದ ಮೇಲೆ ಎಚ್ಚರವಾಗಿ ಮಾತಾಡಿದ್ದರಾ? ಮಾತಾಡಿ ಆಮೇಲೆ ಮಂಪರಾದರೆ ಬುರುಡೆ ಮತ್ತು ಮಿದುಳಿನ ಹೊದಿಕೆಯ ನಡುವೆ ರಕ್ತ ಕಟ್ಟುತ್ತಿರಬಹುದು. ವಾಂತಿ ಎಷ್ಟು ಸಲ? ರಕ್ತ ತೆಳುಮಾಡುವ ಮಾತ್ರೆ ಇದೆಯಾ? ವಾರಗಳ ಹಿಂದೆ ಬಚ್ಚಲಲ್ಲಿ ಜಾರಿದ್ದು ಏನಾದರೂ ಉಂಟಾ? ವಯಸ್ಸಾದವರಲ್ಲಿ ಆ ಸಣ್ಣ ಪೆಟ್ಟಿನ ರಕ್ತ ನಿಧಾನವಾಗಿ ಸೇರಿ ಈಗ ತೋರಿಸಿಕೊಳ್ಳುತ್ತದೆ.

ಬಾಣಂತಿ ತಲೆನೋವು, ವಾಂತಿ, ಫಿಟ್ಸ್ ಅಂತ ಬಂದರೆ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂತ ಮೊದಲೇ ನೆನಪಿಸಿಕೊಳ್ಳಿ. ಬಿ.ಪಿ. ಮತ್ತು ಉಚ್ಚೆಯ ಪ್ರೋಟೀನ್ ಕೂಡ ನೋಡಿ. ‘ಬಾಣಂತಿಗೆ ನೀರು ಕೊಡಬಾರದು’ ಅನ್ನುವ ಮನೆಗಳು ಇನ್ನೂ ಇವೆ, ಎಷ್ಟು ನೀರು ಕುಡಿದಿದ್ದಾರೆ ಕೇಳಿ. ತಲೆಯಲ್ಲಿ ಶಂಟ್ ನಳಿಕೆ (ಹೆಚ್ಚಾದ ಮಿದುಳಿನ ನೀರು ಇಳಿಸುವ ನಳಿಕೆ) ಇರುವ ಮಗು ವಾಂತಿ ಮಾಡಿ ಮಂಕಾಗಿದ್ದರೆ, ಬೇರೆ ಕಾರಣ ಸಿಗುವ ತನಕ ನಳಿಕೆ ಕಟ್ಟಿದೆ ಅಂತಲೇ ತಿಳಿಯಿರಿ. ಕೂಸಾದರೆ ನೆತ್ತಿ ಮುಟ್ಟಿ. ಅಳದೇ ಇರುವಾಗ, ಎತ್ತಿ ಕೂರಿಸಿ ಮುಟ್ಟಬೇಕು. ಉಬ್ಬಿ ಬಿಗಿಯಾಗಿದ್ದರೆ ಅದು ಸಹಜ ಅಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಹೌಸ್ ಸರ್ಜನ್ ಆಗಿದ್ದಾಗ ಒಬ್ಬರನ್ನು ‘ಕುಡಿದು ಬಿದ್ದಿದ್ದಾನೆ’ ಅಂತ ಮೂಲೆ ಹಾಸಿಗೆಗೆ ಹಾಕಿದ್ದೆವು. ವಾಸನೆ ಜೋರಾಗಿತ್ತು. ಬೆಳಗಿನ ರೌಂಡ್‌ನಲ್ಲಿ ಸಿಸ್ಟರ್ ಒಬ್ಬರು ದಿಂಬು ಸರಿಸುವಾಗ ಕಿವಿಯ ಹಿಂದೆ ನೀಲಿ ಕಲೆ ಕಂಡರು, ಬುರುಡೆಯ ಬುಡ ಬಿರಿದಿರುವ ಸುಳಿವು ಅದು. ಅಷ್ಟು ಹೊತ್ತಿಗೆ ಬಲ ಪಾಪೆ ಪೂರ್ತಿ ಹಿಗ್ಗಿತ್ತು. ರಾತ್ರಿಯಿಡೀ ಯಾರೂ ಎರಡನೇ ಸಲ ಟಾರ್ಚ್ ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

ಹಂತ 6: ಕಣ್ಣಿನ ಅಲ್ಟ್ರಾಸೌಂಡ್

ಸಿ.ಟಿ. ಇಲ್ಲದ ಕಡೆ, ಸಿ.ಟಿ. ತಡವಾಗುವ ಕಡೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಣ್ಣಿನ ನರದ ಸುತ್ತಲಿನ ಕವಚದೊಳಗೆ ಮಿದುಳಿನ ನೀರೇ ಇರುತ್ತದೆ. ತಲೆಯೊಳಗೆ ಒತ್ತಡ ಏರಿದರೆ ಕವಚ ಹಿಗ್ಗುತ್ತದೆ.

ಮೊದಲು ಕಣ್ಣುಗುಡ್ಡೆ ಒಡೆದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಒಡೆದಿರುವ ಅನುಮಾನ ಇದ್ದರೆ ಈ ಹಂತವನ್ನೇ ಬಿಟ್ಟುಬಿಡಿ. ಯಂತ್ರವನ್ನು ಕಣ್ಣಿನ ಸೆಟ್ಟಿಂಗ್‌ಗೆ ಹಾಕಿ, ಶಕ್ತಿ ಕಡಿಮೆ ಇರಲಿ. ರೆಪ್ಪೆ ಮುಚ್ಚಿ, ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿ, ಜೆಲ್ ಧಾರಾಳವಾಗಿ ಹಾಕಿ. 7.5 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಲೀನಿಯರ್ ಪ್ರೋಬ್ ತಗೊಳ್ಳಿ. ನಿಮ್ಮ ಕಿರುಬೆರಳು ರೋಗಿಯ ಹಣೆಯ ಮೇಲೋ ಮೂಗಿನ ಮೇಲೋ ಊರಿರಲಿ, ಭಾರ ಅಲ್ಲಿ ಬೀಳಲಿ. ಪ್ರೋಬ್ ಜೆಲ್ ಮೇಲೆ ತೇಲಬೇಕು, ಕಣ್ಣನ್ನು ಒತ್ತಬಾರದು. ಒತ್ತಿದರೆ ನಾಡಿ ಇಳಿಯುತ್ತದೆ, ನೀವು ಅದನ್ನೇ ಕುಶಿಂಗ್ ಅಂದುಕೊಂಡು ಗಾಬರಿಯಾಗುತ್ತೀರಿ.

ಪರದೆಯ ಮೇಲೆ ಕಪ್ಪು ಚೆಂಡಿನಂತೆ ಕಣ್ಣುಗುಡ್ಡೆ, ಅದರ ಹಿಂದೆ ಕೆಳಕ್ಕೆ ಇಳಿಯುವ ಕಪ್ಪು ಪಟ್ಟೆಯಂತೆ ನರ ಕಾಣುತ್ತದೆ. ಗುಡ್ಡೆಯ ಹಿಂಬದಿಯಿಂದ ನೇರ 3 ಮಿ.ಮೀ. ಕೆಳಗೆ ಗುರುತು ಹಾಕಿ, ಅಲ್ಲಿ ಅಡ್ಡಲಾಗಿ ಕವಚದ ಅಗಲ ಅಳೆಯಿರಿ. ಒಂದೊಂದು ಕಣ್ಣಿಗೂ ಅಡ್ಡ ಒಮ್ಮೆ, ಉದ್ದ ಒಮ್ಮೆ. ಸರಾಸರಿ ತೆಗೆಯಿರಿ.

ದೊಡ್ಡವರಲ್ಲಿ 5 ಮಿ.ಮೀ. ಒಳಗಿದ್ದರೆ ಸ್ವಲ್ಪ ಸಮಾಧಾನ. 6 ದಾಟಿದರೆ ಒತ್ತಡ ಏರಿದೆ ಅಂತಲೇ ಹೆಜ್ಜೆ ಇಡಿ. ನಡುವೆ ಇದ್ದರೆ ಉಳಿದ ಸುಳಿವುಗಳ ಜೊತೆ ಸೇರಿಸಿ ಓದಿ. ಮಕ್ಕಳಲ್ಲಿ ಗಡಿ ಇನ್ನೂ ಕೆಳಗಿದೆ: ಒಂದು ವರ್ಷ ದಾಟಿದವರಿಗೆ ಸುಮಾರು 4.5, ಕೂಸುಗಳಿಗೆ 4. ಹೊಸಬರು ಜಾಸ್ತಿ ಮಾಡುವ ತಪ್ಪು ಅಂದರೆ ಗುಡ್ಡೆಯ ಅಂಚಿನಿಂದ ಬೀಳುವ ನೆರಳನ್ನೇ ಕವಚ ಅಂತ ಅಳೆಯುವುದು. ನರ ಗುಡ್ಡೆಗೆ ಸೇರುವ ಜಾಗ ಕಾಣದೇ ಇದ್ದರೆ ಆ ಚಿತ್ರ ಬೇಡ, ಮತ್ತೆ ಹಿಡಿಯಿರಿ. ಆರೋಗ್ಯವಾಗಿರುವ ಸಹೋದ್ಯೋಗಿಗಳ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

ಹಂತ 7: ಸಿ.ಟಿ.

ಕಳಿಸುವ ಮುನ್ನ ಯೋಚಿಸಿ. ಸಿ.ಟಿ. ಮೇಜಿನ ಮೇಲೆ ರೋಗಿ ಚಪ್ಪಟೆ ಮಲಗಬೇಕು, ಒತ್ತಡ ಇನ್ನಷ್ಟು ಏರುತ್ತದೆ. ಆಕ್ಸಿಜನ್, ಮಾನಿಟರ್, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿದ ಒಬ್ಬರು ಜೊತೆಗೆ ಹೋಗಲೇಬೇಕು. ಬರೀ ಅಟೆಂಡರ್ ಜೊತೆ ಸ್ಟ್ರೆಚರ್ ತಳ್ಳಿ ಕಳಿಸಬೇಡಿ.

ಫಿಲಂ ಬಂದಾಗ ಕಣ್ಣು ಮೊದಲು ಬಿಳಿ ರಕ್ತದ ಕಡೆ ಹೋಗುತ್ತದೆ. ಅದು ಸರಿ, ಆದರೆ ಅಲ್ಲೇ ನಿಲ್ಲಬೇಡಿ. ನಡುಗೆರೆ ಸರಿದಿದೆಯಾ? 5 ಮಿ.ಮೀ.ಗಿಂತ ಜಾಸ್ತಿ ಸರಿದಿದ್ದರೆ ಗಂಭೀರ. ಮಿದುಳಿನ ಬುಡದ ಸುತ್ತಲಿನ ಕಪ್ಪು ನೀರಿನ ಜಾಗಗಳು ಕಾಣುತ್ತವಾ? ಅವು ಅಳಿಸಿಹೋಗಿದ್ದರೆ, ರಕ್ತ ಎಷ್ಟೇ ಸಣ್ಣದಿರಲಿ, ಫೋನ್ ಎತ್ತಿ. ಮಿದುಳಿನ ಮಡಿಕೆಗಳು ಮಾಯವಾಗಿವೆಯಾ, ನೀರಿನ ಕೋಣೆಗಳು ಹಿಗ್ಗಿವೆಯಾ ಅಥವಾ ಸೀಳಿನಂತೆ ಕುಗ್ಗಿವೆಯಾ ಅಂತಲೂ ನೋಡಿ.

ಸಿ.ಟಿ. ಸಹಜ ಅಂದರೆ ಒತ್ತಡ ಸಹಜ ಅಂತ ಅಲ್ಲ. ಅಭಿಧಮನಿ ಹೆಪ್ಪುಗಟ್ಟಿದ ಬಾಣಂತಿಯ ಸಾದಾ ಸಿ.ಟಿ. ಚೆನ್ನಾಗೇ ಕಾಣಬಹುದು, ಅಭಿಧಮನಿಗಳನ್ನು ತೋರಿಸುವ ವೀನೋಗ್ರಾಂ ಬೇಕು. ಅಪಘಾತವಾಗಿ ಅರ್ಧ ಗಂಟೆಗೇ ತೆಗೆದ ಸಿ.ಟಿ.ಯಲ್ಲಿ ಇಲ್ಲದ ರಕ್ತ ಆಮೇಲೆ ಕಾಣಿಸಿಕೊಂಡೀತು. ರೋಗಿ ಇಳಿಯುತ್ತಿದ್ದರೆ ಮತ್ತೊಮ್ಮೆ ತೆಗೆಸಿ.

ಹಂತ 8: ಬೆನ್ನುನೀರು (ಬೆನ್ನಿಗೆ ಸೂಜಿ ಹಾಕಿ ತೆಗೆಯುವ ನೀರು) ಯಾವಾಗ ಬೇಡ

ಎಚ್ಚರ ತಪ್ಪುತ್ತಿದ್ದರೆ, ಒಂದು ಕಡೆ ಬಲ ಇಲ್ಲದಿದ್ದರೆ, ಕಣ್ಣಿನ ನರದ ತುದಿ ಊದಿದ್ದರೆ, ಹೊಸದಾಗಿ ಫಿಟ್ಸ್ ಬಂದಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಸಿ.ಟಿ. ನೋಡದೆ ಸೂಜಿ ಹಾಕಬೇಡಿ. ಕೆಳಗಿನಿಂದ ನೀರು ತೆಗೆದರೆ ಮೇಲಿನ ಮಿದುಳು ಕೆಳಕ್ಕೆ ಜಾರಬಹುದು. ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಸೋಂಕು) ಅನುಮಾನ ಇದ್ದರೆ ರಕ್ತದ ಕಲ್ಚರ್ ತೆಗೆದು ಆಂಟಿಬಯಾಟಿಕ್ ಶುರು ಮಾಡಿ, ಆಮೇಲೆ ಸಿ.ಟಿ. ‘ಬೆನ್ನುನೀರು ತೆಗೆದ ಮೇಲೆ ಮದ್ದು’ ಅಂತ ಕಾಯಬೇಡಿ.

ತೆಗೆಯಬಹುದು ಅಂತಾದರೆ ಒತ್ತಡ ಅಳೆಯದೆ ತೆಗೆಯಬೇಡಿ. ಪಕ್ಕಕ್ಕೆ ಮಲಗಿಸಿ, ಸೂಜಿ ಒಳಗೆ ಹೋದ ಮೇಲೆ ಕಾಲು ಸಡಿಲವಾಗಿ ಚಾಚಿಸಿ ಅಳೆಯಿರಿ. ವಯಸ್ಕರಲ್ಲಿ 25 ಸೆಂ.ಮೀ. ನೀರಿಗಿಂತ ಮೇಲಿದ್ದರೆ ಏರಿದೆ ಅಂತ. ಕೂರಿಸಿ ಅಳೆದ ಅಂಕಿ ಲೆಕ್ಕಕ್ಕಿಲ್ಲ.

ಪತ್ತೆ ಮುಗಿಯುವ ತನಕ ಕಾಯದೆ ಮಾಡಬೇಕಾದ್ದು

ಪಾಪೆ ಹಿಗ್ಗುತ್ತಿದೆ, ಜಿ.ಸಿ.ಎಸ್. ಬೀಳುತ್ತಿದೆ ಅಂದರೆ ಸಿ.ಟಿ. ಸಾಲಿನಲ್ಲಿ ನಿಲ್ಲುವ ಸಮಯ ಅಲ್ಲ. ತಲೆಕಡೆ 30 ಡಿಗ್ರಿ ಏರಿಸಿ. ಬೆನ್ನುಮೂಳೆ ಪೆಟ್ಟಿನ ಅನುಮಾನ ಇದ್ದರೆ ಇಡೀ ಮಂಚವನ್ನೇ ಓರೆ ಮಾಡಿ. ಮೂಗು ನೇರ ಮೇಲಕ್ಕಿರಲಿ. ಡೆಕ್ಸ್‌ಟ್ರೋಸ್ ಬಾಟಲಿ ತೂಗುಹಾಕಿದ್ದರೆ ತೆಗೆದು ನಾರ್ಮಲ್ ಸಲೈನ್ ಹಾಕಿ, ಸಕ್ಕರೆ ಕಡಿಮೆ ಇದ್ದವರ ಮಾತು ಬೇರೆ.

ತಲೆಯೊಳಗಿನ ಒತ್ತಡ ಇಳಿಸುವ ಮ್ಯಾನಿಟಾಲ್ ಕೆ.ಜಿ.ಗೆ 0.25ರಿಂದ 1 ಗ್ರಾಂ. 20 ಶೇಕಡಾ ದ್ರಾವಣದ 100 ಎಂ.ಎಲ್. ಬಾಟಲಿಯಲ್ಲಿ ಇರುವುದು 20 ಗ್ರಾಂ. 60 ಕೆ.ಜಿ. ತೂಗುವವರಿಗೆ ಪೂರ್ತಿ ಡೋಸ್ ಅಂದರೆ 300 ಎಂ.ಎಲ್. ಅರ್ಧ ಬಾಟಲಿ ಹನಿಸಿ ‘ಕೊಟ್ಟಾಯ್ತು’ ಅಂದರೆ ಆಗಲ್ಲ. ಬಾಟಲಿಯಲ್ಲಿ ಹರಳು ಕಟ್ಟಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಚಳಿಗಾಲದಲ್ಲಿ ಕಟ್ಟುತ್ತದೆ. ಉಚ್ಚೆಗೆ ಕ್ಯಾತಿಟರ್ ಹಾಕಿ. ಬಿ.ಪಿ. ಕಡಿಮೆ ಇದ್ದರೆ ಮ್ಯಾನಿಟಾಲ್ ಬದಲು 3 ಶೇಕಡಾ ಸಲೈನ್ ಕೇಳಿ. ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಬೇಡ. 2004ರಲ್ಲಿ ಹೊರಬಂದ ಕ್ರ್ಯಾಶ್ ಅಧ್ಯಯನದಲ್ಲಿ ಕೊಟ್ಟವರಲ್ಲೇ ಸಾವು ಹೆಚ್ಚಿತ್ತು. ಆದರೂ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಚುಚ್ಚಿ ಕಳಿಸುವುದು ಇನ್ನೂ ನಿಂತಿಲ್ಲ.

ಹಂತ 9: ಮತ್ತೆ ನೋಡಿ, ಬರೆದು ಕಳಿಸಿ

ಜಿ.ಸಿ.ಎಸ್., ಪಾಪೆ, ನಾಡಿ, ಬಿ.ಪಿ., ಉಸಿರು. ಗಂಭೀರ ಇದ್ದರೆ 15 ನಿಮಿಷಕ್ಕೊಮ್ಮೆ, ಸ್ಥಿರವಾಗಿದ್ದರೆ ಅರ್ಧ ಗಂಟೆಗೊಮ್ಮೆ. ಶಿಫ್ಟ್ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಒಟ್ಟಿಗೆ ಹಾಸಿಗೆ ಪಕ್ಕ ನಿಂತು ಟಾರ್ಚ್ ಹಾಕಿ. ‘ನಿಧಾನ’ ಅಂತ ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ‘ಚುರುಕು’ ಆಗಿರಬಹುದು. ಒಟ್ಟಿಗೆ ನೋಡಿದರೆ ಆ ಜಗಳ ಅಲ್ಲೇ ಮುಗಿಯುತ್ತದೆ.

ನಿಮ್ಹಾನ್ಸ್‌ಗೋ ಹತ್ತಿರದ ನ್ಯೂರೋಸರ್ಜರಿ ಇರುವ ಆಸ್ಪತ್ರೆಗೋ ಕಳಿಸುವಾಗ ಮೊದಲು ಫೋನ್ ಮಾಡಿ. ಚೀಟಿ ಹೀಗಿದ್ದರೆ ಸಾಕು:

‘ರಾತ್ರಿ 9.30ಕ್ಕೆ ಬೈಕಿನಿಂದ ಬಿದ್ದಿದ್ದಾರೆ. 10.10: ಇ3 ವಿ4 ಎಂ6, ಪಾಪೆ ಬಲ 3 ಚುರುಕು, ಎಡ 3 ಚುರುಕು, ನಾಡಿ 84, ಬಿ.ಪಿ. 140/80, ಸಕ್ಕರೆ 118. 10.40: ಇ2 ವಿ3 ಎಂ5, ಬಲ 3 ಚುರುಕು, ಎಡ 5 ನಿಧಾನ, ನಾಡಿ 58, ಬಿ.ಪಿ. 176/84. ಬಲಗೈ ಕಡಿಮೆ ಆಡುತ್ತಿದೆ. 10.45ಕ್ಕೆ ಮ್ಯಾನಿಟಾಲ್ 300 ಎಂ.ಎಲ್. ಶುರು, ಕ್ಯಾತಿಟರ್ ಹಾಕಿದೆ. ನಿದ್ದೆ ಮದ್ದು ಕೊಟ್ಟಿಲ್ಲ. ಬಿ.ಪಿ. ಮಾತ್ರೆ ಕೊಟ್ಟಿಲ್ಲ.’